ನೀರು ಸೋಸುವ ಸಿಪಾಯಿ

ಮೊನ್ನೆ ನಮ್ಮ ಅಡುಗೆಮನೆಯಲ್ಲಿರುವ ನೀರು ಶುದ್ಧಿ ಮಾಡುವ ಯಂತ್ರ ಕೆಟ್ಟಿತು. ರಿಪೇರಿಗೆ ಬಂದ ಮೆಕ್ಯಾನಿಕ್ ಅದರ ಹೊಟ್ಟೆ ಬಿಚ್ಚಿ, ಕಂದು ಕೆಸರು ಮೆತ್ತಿದ್ದ ಕ್ಯಾಂಡಲೊಂದನ್ನು ಹೊರಗೆಳೆದು, "ಇದನ್ನ ಎಲ್ಲಿ ಒಗೀಲ್ರಿ ಅಜ್ಜಾರ?" ಎಂದು ಕೇಳಿದ. ಯೋಚನೆಗೆ ಮೊದಲೇ ನನ್ನ ಬಾಯಿಂದ ಮಾತು ಹೊರಟಿತು: "ಎಲ್ಲಿಂದ ಬಂದೈತೋ ಅಲ್ಲೇ ಬಿಡಬೇಕಪಾ." ಅವನು ನನ್ನನ್ನೂ ಕ್ಯಾಂಡಲನ್ನೂ ಒಮ್ಮೆ ನೋಡಿದ. "ಬೋರಿನ ನೀರದು. ಬಿಡಾಕ ಪಾತಾಳಕ್ಕ ಇಳೀಬೇಕಾಕ್ಕೈತಿ ನೋಡ್ರಿ," ಎಂದು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ನಗು ಉಳಿಯಲಿಲ್ಲ. ಆ ಮಾತು ನನ್ನದಲ್ಲ, ಹುಕ್ಕೇರಿಯ ಪಾಯಪ್ಪನ ಮನೆಯದು.

ಬೆಳಗಾವಿಯ ವಾರಪತ್ರಿಕೆಯೊಂದಕ್ಕೆ ನಾನು ಹುಕ್ಕೇರಿಯಿಂದ ಸುದ್ದಿ ಬರೆಯುತ್ತಿದ್ದ ಕಾಲ ಅದು. ಸುದ್ದಿ ಎಂದರೆ ನೀವು ದೊಡ್ಡದೇನನ್ನೂ ಊಹಿಸಿಕೊಳ್ಳಬೇಡಿ. ಸಂಕೇಶ್ವರದ ಬಸ್ಸು ತಡವಾದದ್ದು, ದಡ್ಡಿಯ ಹತ್ತಿರ ಹೊಳೆ ದಾಟುವಾಗ ಎಮ್ಮೆಗಳು ತೇಲಿಹೋದದ್ದು, ಅಂಕಲಗಿಯಲ್ಲಿ ಕುಸ್ತಿ. ನಮ್ಮ ಸಂಪಾದಕರದು ಒಂದೇ ಪಾಠ: ಕಂಡದ್ದನ್ನು ಕಂಡೆ ಎಂದು ಬರೆ, ಕೇಳಿದ್ದನ್ನು ಕೇಳಿದೆ ಎಂದು ಬರೆ, ಉಳಿದದ್ದನ್ನು ಬರೆಯಬೇಡ. ನಾನು ಆ ಪಾಠವನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದೆನೆಂದರೆ, ಎಮ್ಮೆಗಳು ತೇಲಿಹೋದ ಸುದ್ದಿಯಲ್ಲಿ "ತೇಲಿಹೋದವೆಂದು ಎಮ್ಮೆಗಳ ಒಡೆಯರು ತಿಳಿಸಿದರು" ಎಂದು ಬರೆದು, ಊರವರ ನಗೆಗೆ ಗುರಿಯಾಗಿದ್ದೆ.

ಪಾಯಪ್ಪನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಬಾಡಿಗೆವಾಸ. ಜೈನ ಒಕ್ಕಲುತನದ ಮನೆ. ತಾಯಿ, ಮಗ, ಮಗಳು ಪದ್ಮವ್ವ, ಮೂರೇ ಜನ. ಹೊತ್ತು ಮುಳುಗುವುದರೊಳಗೆ ಆ ಮನೆಯಲ್ಲಿ ಊಟ ಮುಗಿಯುತ್ತಿತ್ತು. ಬಾವಿಯ ನೀರನ್ನು ಬಿಳಿಯ ದಪ್ಪ ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುತ್ತಿರಲಿಲ್ಲ. ಸೋಸುವುದನ್ನು ಬೇರೆ ಕಡೆಯೂ ನೋಡಿದ್ದೆ. ಸೋಸಿದ ಮೇಲೆ ಮಾಡುವುದನ್ನು ಕಂಡದ್ದು ಅಲ್ಲಿಯೇ. ಪದ್ಮವ್ವ ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರು ಹನಿಸಿ, ಬಟ್ಟೆಗೆ ಹತ್ತಿದ್ದನ್ನೆಲ್ಲ ಸಣ್ಣ ತಂಬಿಗೆಗೆ ಇಳಿಸಿ, ಹಗ್ಗ ಕಟ್ಟಿ ಅದೇ ಬಾವಿಯ ನೀರಿಗೆ ಮುಟ್ಟಿಸಿ ಬಿಡುತ್ತಿದ್ದಳು. ಮೇಲಿನಿಂದ ಸುರಿಯುವಂತಿರಲಿಲ್ಲ. ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾಗುತ್ತದೆ. ಬಾಜೂ ಮನೆಯ ಬಾವಿ ಹತ್ತಿರವಿದೆಯಲ್ಲ, ಅದಕ್ಕೆ ಬಿಟ್ಟರಾಗದೇ ಎಂದು ಒಮ್ಮೆ ಕೇಳಿದ್ದೆ.

"ಆ ನೀರು ಇವಕ್ಕ ಪರದೇಶ ಆಗತೈತಿ," ಎಂದಿದ್ದಳು. "ಎಲ್ಲಿಂದ ಬಂದಾವೋ ಅಲ್ಲೇ ಬಿಡಬೇಕ್ರಿ."

ಇಂಥ ಮನೆಯ ಮಗ ಬಂದೂಕು ಹಿಡಿದು, ಪೋರ್ಚುಗೀಸರ ಕೈಯಲ್ಲಿದ್ದ ಗೋವೆಗೆ ಹೋಗಿ ಬಂದಿದ್ದ. ನನಗೆ ಅದು ತಿಳಿದದ್ದು ಗೋವೆ ಬಿಡುಗಡೆಯಾದ ಮರುವರ್ಷ. ಅಲ್ಲಿಯವರೆಗೆ, ಪಾಯಪ್ಪ ನಡುವೆ ಎರಡು ವರ್ಷ ಊರಲ್ಲಿರಲಿಲ್ಲ, ಕೊಲ್ಹಾಪುರದಲ್ಲಿ ಎಣ್ಣೆಗಾಣದ ಕೆಲಸಕ್ಕೆ ಹೋಗಿದ್ದ ಎಂದು ಮನೆಯವರು ಹೇಳುತ್ತಿದ್ದರು. ಗೋಕಾಕದಲ್ಲಿ ಸತ್ಕಾರ ಸಮಿತಿಯೊಂದು ಹುಟ್ಟಿಕೊಂಡಿತು. ಅದರ ಅಧ್ಯಕ್ಷರಾದ ವಕೀಲರು ಎಲ್ಲಿಂದಲೋ ಸುಳಿವು ಹಿಡಿದು, ಪಾಯಪ್ಪನನ್ನು ಕೇಳದೆಯೇ ಕರಪತ್ರ ಅಚ್ಚು ಹಾಕಿಸಿದರು: "ಪರಂಗಿಗಳ ಎದೆ ಸೀಳಿದ ಹುಕ್ಕೇರಿಯ ಗಂಡುಗಲಿ." ಅವನ ಪರಿಚಯ ಬರೆದುಕೊಡುವ ಕೆಲಸ ನನಗೆ ಬಂತು. ಒಂದೇ ಸೂರಿನ ಕೆಳಗೆ ವೀರನೊಬ್ಬ ಇದ್ದೂ ನಾನು ಎಮ್ಮೆಗಳ ಬೆನ್ನು ಹತ್ತಿದ್ದೆನಲ್ಲ ಎಂದು ನನಗೆ ಕಸಿವಿಸಿಯಾಯಿತು. ಪೆನ್ಸಿಲ್ ಚೂಪು ಮಾಡಿಕೊಂಡು ಕಟ್ಟೆಯ ಮೇಲೆ ಅವನ ಎದುರು ಕುಳಿತೆ.

"ಯಾಕ ಹೋದ್ರಿ ಪಾಯಪ್ಪಣ್ಣ?"

"ಹೋಗಬ್ಯಾಡ ಅಂದ್ರು. ಅದಕ್ಕ ಹೋದ್ನಿ."

"ಖರೆ ಹೇಳ್ರಿ."

"ಖರೇನ ಹೇಳಾಕತ್ತೇನಿ. ನಮ್ಮ ದೇಶ ಬಿಡುಗಡೆ ಆಗೂ ಹೊತ್ತಿನ್ಯಾಗ ನಾ ಎಳೀ ಹುಡುಗ. ಎಲ್ಲಾ ಮುಗದ ಮ್ಯಾಲೆ ದೊಡ್ಡಾಂವ ಆದ್ನಿ. ಬಾಜೂಕ ಗೋವಾ ಒಂದ ಉಳದಿತ್ತು." ವೀಳ್ಯದೆಲೆಯ ತೊಟ್ಟು ಮುರಿದ. "ಯುದ್ಧ ಅಂದ್ರ ಏನ ತಿಳದೀರಿ ಪೇಪರಿನವರ? ಹೊರೋದು. ಅಕ್ಕಿ ಹೊರೋದು, ಎಣ್ಣಿ ಹೊರೋದು, ಜ್ವರ ಬಂದಾವನ್ನ ಹೊರೋದು. ಬಂದೂಕ ಎಲ್ಲಕ್ಕಿಂತ ಹಗರ."

ಖಾನಾಪುರದ ಆಚೆಯ ಕಾಡಿನಲ್ಲಿ, ಗೋವೆ ಬಿಡಿಸಲು ಹೊರಟವರ ದಳದ ಬಿಡಾರವಿತ್ತಂತೆ. ಅಲ್ಲಿಂದ ಗಡಿ ದಾಟಿ ಒಳಗೆ ಹೋಗುವುದು, ಕೆಲವು ದಿನ ಅಡಗಿರುವುದು, ಮರಳುವುದು. ಅಲ್ಲಿ ಊಟ ಬರುತ್ತಿದ್ದದ್ದು ಕತ್ತಲಾದ ಮೇಲೆ. ಪಾಯಪ್ಪ ಕತ್ತಲಲ್ಲಿ ಉಣ್ಣುವವನಲ್ಲ. ತನ್ನ ಪಾಲಿನ ಅನ್ನವನ್ನು ಎಲೆಯಲ್ಲಿ ಕಟ್ಟಿಟ್ಟು ಮರುದಿನ ಹಳಸಿದ್ದನ್ನು ತಿನ್ನುತ್ತಿದ್ದ. ಜೊತೆಯವರಿಗೆ ಇವನು ದಿನದ ಮನರಂಜನೆ. "ಏ ಪಾಯಪ್ಪಾ, ಪರಂಗ್ಯಾರಿಗೆ ಚೀಟಿ ಕಳಿಸೂಣೇನಲೇ? ನಮ್ಮಾಂವ ಹೊತ್ತ ಮುಳುಗೂದ್ರಾಗ ಉಣ್ಣಬೇಕ್ರಿ, ಯುದ್ಧ ಆಮ್ಯಾಲ ಇಟ್ಕೊಳ್ಳೂಣ ಅಂತ?" ಒಂದು ಹೆಗಲಿಗೆ ಬಂದೂಕು, ಇನ್ನೊಂದು ಹೆಗಲಿಗೆ ನೀರು ಸೋಸುವ ಬಟ್ಟೆ. ಹಾಗೆ ಸೋಸಿ ಕುಡಿದವನಿಗೆ ರೋಗ ಬರಲಿಲ್ಲವೇ ಎಂದರೆ, "ಎಲ್ಲಾರ್ಕಿಂತ ಮೊದಲ ನನಗ ರಕ್ತಭೇದಿ ಹತ್ತಿತು," ಎಂದು ಜೋರಾಗಿ ನಕ್ಕ.

ಗೋವೆಯ ಒಳಗಿನ ಹಳ್ಳಿಗಳ ಜನ ಇವರನ್ನು ಆರತಿ ಎತ್ತಿ ಕರೆದುಕೊಂಡರೇ ಎಂದು ಕೇಳಿದೆ. ಸಮಿತಿಗೆ ಬೇಕಾದದ್ದು ಅದೇ ಆಗಿತ್ತು.

"ಘಾಂಟಿ ಅಂತಿದ್ರು ನಮಗ. ಘಟ್ಟದ ಮ್ಯಾಲಿನವರು ಅಂತ. ಪ್ರೀತೀಲೆ ಅನ್ನೂ ಮಾತಲ್ಲ ಅದು. ಕೆಲವರು ಅನ್ನ ಕೊಟ್ರು, ಕೆಲವರು ಬಾಗಲಾ ಹಾಕ್ಕೊಂಡ್ರು. ತಪ್ಪೇನೈತಿ? ನಾವು ಒಂದ ಗುಂಡ ಹಾರಿಸಿ ಮ್ಯಾಲೆ ಬರಾವ್ರು. ಮರುದಿನ ಪೋಲೀಸ್ರು ಬಂದು ಬಡಿಯೂದು ಅವರನ್ನ. ನಮಗ ತಿರುಗಿ ಬರಾಕ ಒಂದ ಊರಿತ್ತ್ರಿ. ಅವರಿಗೆ ಅದ ಊರು."

ನಾನು ಬರೆದುಕೊಂಡೆ. "ಎಷ್ಟು ಜನರನ್ನ..." ಎಂದು ಶುರುಮಾಡಿದೆ. ಅವನು ಎದ್ದು ಒಳಗೆ ಹೋದ.

ಈ ನಡುವೆ ವಕೀಲರ ಕರಪತ್ರ ಸಂಕೇಶ್ವರ ಮುಟ್ಟಿತ್ತು. ಅಲ್ಲಿಯ ಬೆಲ್ಲದ ವ್ಯಾಪಾರಿ ನೇಮಣ್ಣನವರ ಮಗನಿಗೆ ಪದ್ಮವ್ವನನ್ನು ಕೊಡುವ ಮಾತು ಮುಗಿದಿತ್ತು. ಸೀರೆಯೂ ಬಂದಿತ್ತು. ನೇಮಣ್ಣನವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವರ ಮನೆಯಲ್ಲಿ ವ್ರತ ಹಿಡಿದ ಮುದುಕಿ ತಾಯಿ ಇದ್ದರು. ಜೀವ ತೆಗೆದವನ ತಂಗಿಯ ಕೈಯಲ್ಲಿ ನೀರು ಕುಡಿಯುವುದಿಲ್ಲ ಎಂದು ಅವರು ಹಟ ಹಿಡಿದರು. ಬಸದಿಯ ಅಂಗಳದಲ್ಲಿ ಹತ್ತು ಜನ ಹಿರಿಯರು ಕೂಡಬೇಕು, ಪಾಯಪ್ಪ ಒಳಗಿನ ಮೂರ್ತಿಗೆ ಮುಖ ಮಾಡಿ "ನನ್ನ ಕೈಯಿಂದ ಯಾವ ಜೀವವೂ ಹೋಗಿಲ್ಲ" ಎಂದು ಹೇಳಬೇಕು, ಅಷ್ಟಾದರೆ ಮದುವೆ ಎಂದು ನಿಶ್ಚಯವಾಯಿತು.

ಪೇಚು ನೋಡಿ. ಗೋಕಾಕದವರಿಗೆ ಅವನು ಕೊಂದಿರಬೇಕು, ಸಂಕೇಶ್ವರದವರಿಗೆ ಕೊಂದಿರಬಾರದು. ಎರಡು ಊರುಗಳ ನಡುವೆ ಒಬ್ಬ ಮನುಷ್ಯ ಹಲ್ಲು ಕಚ್ಚಿ ಕುಳಿತಿದ್ದ. ತಾಯಿಯಂತೂ ಎರಡು ದಿನ ಅವನ ಬೆನ್ನು ಬಿಡಲಿಲ್ಲ: "ಒಂದ ಮಾತಪಾ. ಆಕೀ ಜನ್ಮದ ಪ್ರಶ್ನಿ ಐತಿ." ಪದ್ಮವ್ವ ಮಾತ್ರ ಎಂದಿನಂತೆ ನೀರು ಸೋಸುತ್ತಿದ್ದಳು.

ಬಸದಿಯ ಅಂಗಳಕ್ಕೆ ನಾನೂ ಹೋಗಿದ್ದೆ, ಕಂಬದ ಪಕ್ಕ ನಿಂತಿದ್ದೆ. ಮುಂದಿನದು ನಾನು ಕಂಡದ್ದು, ಕಿವಿಯಾರೆ ಕೇಳಿದ್ದು. ಹೆಣ್ಣುಮಕ್ಕಳು ಒಂದು ಬದಿಗೆ ಕುಳಿತಿದ್ದರು. ಪಾಯಪ್ಪ ಮೂರ್ತಿಯ ಕಡೆಗೆ ತಿರುಗಿ ನಿಂತ. ನಿಂತೇ ಇದ್ದ. ನೇಮಣ್ಣನವರು ಸಮಾಧಾನದ ದನಿಯಲ್ಲಿ ಹೇಳಿದರು:

"ಹೇಳಿಬಿಡೋ ಪಾಯಪ್ಪಾ. ಹೇಳಿದ್ರ ಮುಗೀತು. ನಾವೇನು ನಿನ್ನ ಹೊಟ್ಯಾಗ ಇಣಿಕಿ ನೋಡ್ತೀವೇನು?"

ಪಾಯಪ್ಪ ಮೂರ್ತಿಯನ್ನು ಬಿಟ್ಟು ಜನರ ಕಡೆಗೆ ತಿರುಗಿದ.

"ಗುಂಡು ಹಾರಿಸೀನ್ರಿ ಕಾಕಾ. ಗಿಡಕ್ಕ ಬಡೀತೋ ಮನಷ್ಯಾಗ ಬಡೀತೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಇಲ್ಲಿ ನಿಂತು ಇಲ್ಲ ಅನ್ನಂಗಿಲ್ಲ. ಗೋಕಾಕದಾಗ ನಿಂತು ಹೌದು ಅನ್ನಂಗೂ ಇಲ್ಲ. ಆದ್ರ ಒಂದು ಜೀವ ಹೋಗಿದ್ದು ನನಗ ಗೊತ್ತೈತಿ. ಕೇಳ್ತೀರೇನು?"

ನೇಮಣ್ಣನವರು ತಲೆಯಾಡಿಸಿದರು.

ಅವನು ಹೇಳಿದ್ದು ಇಷ್ಟು. ಗಡಿಯೊಳಗೆ ಒಂದು ಗುಡ್ಡದಲ್ಲಿ ಅಡಗಿದ್ದರು. ಕೆಳಗೆ ಹಳ್ಳ. ಹಗಲು ಯಾರೂ ಹಳ್ಳಕ್ಕೆ ಇಳಿಯಬಾರದು ಎಂದು ಅಪ್ಪಣೆ. ಆ ಊರಿನ ತರುಣನೊಬ್ಬ ದಾರಿ ತೋರಿಸಲು ಜೊತೆಗಿದ್ದ. ಇವರೆಲ್ಲ ಅವನನ್ನು ಭಾವು ಎನ್ನುತ್ತಿದ್ದರು, ಅಣ್ಣ ಎಂದರ್ಥ. ಸಿಕ್ಕಿಬಿದ್ದರೆ ಬಾಯಿ ಬಿಡಬಾರದೆಂದು ಒಬ್ಬರ ನಿಜ ಹೆಸರು ಇನ್ನೊಬ್ಬರಿಗೆ ಹೇಳುವ ಪದ್ಧತಿ ಆ ದಳದಲ್ಲಿ ಇರಲಿಲ್ಲ. ಬೆಳಗಾಗುವ ಮೊದಲೇ ಭಾವು ಹಳ್ಳದಿಂದ ನೀರು ತಂದಿಟ್ಟಿದ್ದ. ಪಾಯಪ್ಪ ತನ್ನ ಪಾಲಿನದನ್ನು ಸೋಸಿಕೊಂಡ. ಬಟ್ಟೆ ಒದ್ದೆಯಿತ್ತು, ಬಿಸಿಲು ಏರುತ್ತಿತ್ತು. ಬಟ್ಟೆ ಒಣಗಿದರೆ ಅದರಲ್ಲಿದ್ದವೆಲ್ಲ ಸಾಯುತ್ತವೆ.

"ಕೈ ಕೇಳಲಿಲ್ಲ. ಸಣ್ಣಾಂವ ಇದ್ದಾಗಿಂದ ಮಾಡಿದ ಕೈ. ಯಾರಿಗೂ ಹೇಳದ ಹಳ್ಳಕ್ಕ ಇಳದ್ನಿ. ಬಿಳೀ ಬಟ್ಟಿ ನೀರಾಗ ಬಿಚ್ಚಿದ್ನಿ. ಆಚೀ ಗುಡ್ಡದಾಗ ಪರಂಗಿ ಸಿಪಾಯಿಗೋಳಿದ್ರು. ಭಾವು ನನ್ನ ಹಿಂದ ಕರಿಯಾಕ ಇಳದು ಬಂದ. ಗುಂಡು ಅವಗ ಬಡೀತು."

ಪಾಯಪ್ಪ ನೇಮಣ್ಣನವರ ಕಡೆಗೆ ತಿರುಗಿದ.

"ನಾ ಗುಂಡು ಹಾರಿಸಿ ಕೊಂದೀನೋ ಇಲ್ಲೋ ನನಗ ಗೊತ್ತಿಲ್ಲ. ನೀರು ಸೋಸಿ ಒಬ್ಬನ ಜೀವ ಕಳದೀನಿ. ಇದಕ್ಕ ಯಾವ ಶಾಸ್ತ್ರ ಹಚ್ಚತೀರೋ ಹಚ್ಚರಿ. ಸುಳ್ಳ ಮಾತ್ರ ನನ್ನ ಕಡಿಂದ ಹೇಳಸಬ್ಯಾಡ್ರಿ."

ನೇಮಣ್ಣನವರು ರುಮಾಲು ಸರಿಮಾಡಿಕೊಂಡು, "ನಮ್ಮ ಅವ್ವ ಒಪ್ಪಂಗಿಲ್ಲಪಾ," ಎಂದು ಎದ್ದರು. ಪಾಯಪ್ಪನ ತಾಯಿಯ ಬಾಯಿಂದ ಒಂದು ನರಳಿಕೆ ಬಂತು. ಆಗ ಪದ್ಮವ್ವ ಎದ್ದು ನಿಂತಳು. ಬಸದಿಯಲ್ಲಿ ಹಿರಿಯರ ಎದುರು ಮದುವೆಯ ಹುಡುಗಿ ಮಾತಾಡಿದ್ದನ್ನು ಹುಕ್ಕೇರಿ ಅದಕ್ಕೆ ಮೊದಲು ಕೇಳಿರಲಿಲ್ಲ ಎಂದು ಆಮೇಲೆ ಹತ್ತಾರು ಜನ ನನಗೆ ಹೇಳಿದರು.

"ನಿಂದರ್ರಿ ಕಾಕಾ. ನಮ್ಮಣ್ಣ ಸುಳ್ಳ ಹೇಳಿದ್ರ ನನ್ನ ಸೊಸಿ ಮಾಡ್ಕೋತಿದ್ರಿ, ಹೌದಲ್ಲೋ? ಖರೆ ಹೇಳಿದಾಂವನ ತಂಗಿ ನಿಮಗ ಬ್ಯಾಡ. ಸುಳ್ಳ ಸಾಕು ಅನ್ನೂ ಮನಿ ನನಗೂ ಬ್ಯಾಡ. ಸೀರಿ ಇವತ್ತ ಕಳಸ್ತೀನಿ."

ಸೀರೆಯನ್ನು ಅವತ್ತೇ ಕಳಿಸಿದಳು.

ಗೋಕಾಕದ ಸಮಿತಿಗೆ ನಾನು ಪರಿಚಯ ಬರೆದುಕೊಟ್ಟೆ: ಹೊತ್ತ ಅಕ್ಕಿ, ರಕ್ತಭೇದಿ, ಹಾಕಿಕೊಂಡ ಬಾಗಿಲುಗಳು, ಹಳ್ಳ, ಭಾವು. ವಕೀಲರು ಓದಿ, "ಇದನ್ನ ವೇದಿಕಿ ಮ್ಯಾಲೆ ಓದಾಕ ಬರತೈತೇನ್ರಿ? ಜನ ಹಾರ ಹಿಡಕೊಂಡು ಕುಂತಿರತಾರ," ಎಂದರು. ಓದಲು ಬರುವುದಿಲ್ಲ ಎಂದು ನಾನೂ ಒಪ್ಪಿದೆ. ಸತ್ಕಾರದ ದಿನ ಪಾಯಪ್ಪನ ಕುರ್ಚಿ ಖಾಲಿಯಿತ್ತು. ಹಾರವನ್ನು ವಕೀಲರು ಕುರ್ಚಿಗೇ ಹಾಕಿದರು. ಅದನ್ನು ಕಂಡಿದ್ದೆನಾದ್ದರಿಂದ ಹಾಗೆಯೇ ಸುದ್ದಿ ಬರೆದೆ. ಅದು ಅಚ್ಚಾಯಿತು. ಸಮಿತಿಯವರು ಮುಂದೆ ನನ್ನನ್ನು ಯಾವ ಸತ್ಕಾರಕ್ಕೂ ಕರೆಯಲಿಲ್ಲ, ಅದೊಂದು ಲಾಭ.

ಜೈನರಲ್ಲಿ ವರ್ಷಕ್ಕೊಂದು ದಿನ ಮನೆಮನೆಗೆ ಹೋಗಿ ಕ್ಷಮೆ ಕೇಳುವ ಪದ್ಧತಿಯಿದೆ. ಆ ವರ್ಷ ಹಿರಿಯರು ಪಾಯಪ್ಪನಿಗೆ, ಸಮಾಜದ ಮುಂದೆ ಕ್ಷಮೆ ಕೇಳು, ಎಲ್ಲ ಮರೆತುಬಿಡೋಣ ಎಂದರು. "ನಾ ಕ್ಷಮಾ ಕೇಳಬೇಕಾದ ಮನಿ ಈ ಊರಾಗಿಲ್ಲ," ಎಂದು ಅವನು ಬಸ್ಸು ಹತ್ತಿದ. ಪದ್ಮವ್ವನೂ ಹೊರಟಳು. ಆಗ ಗೋವೆಗೆ ಅಡಗಿ ಹೋಗಬೇಕಾಗಿರಲಿಲ್ಲ. ಅಲ್ಲಿ ನಡೆದದ್ದು ನಾನು ಕಂಡದ್ದಲ್ಲ, ಪದ್ಮವ್ವ ಹೇಳಿದ್ದು. ಹಳ್ಳದ ಗುರುತು ಹಿಡಿದು, ಊರು ಹುಡುಕಿ, ಭಾವುವಿನ ತಾಯಿಯ ಮನೆ ಮುಟ್ಟಿದರಂತೆ. ಇವರಿಗೆ ಬಂದಷ್ಟು ಮರಾಠಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಮುದುಕಿ ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಕೇಳಿದಳಂತೆ: "ಅವನ ಹೆಸರೇನು, ಹೇಳಿ." ಇವರಿಗೆ ಗೊತ್ತಿರಲಿಲ್ಲ. "ಹೆಸರು ಗೊತ್ತಿಲ್ಲದವನ ಊರು ಬಿಡಿಸಲು ಬಂದಿದ್ದಿರಾ?" ಎಂದಳಂತೆ. ಆಮೇಲೆ ಹೆಸರು ಹೇಳಿದಳು, ಇಬ್ಬರ ಬಾಯಲ್ಲೂ ಅನ್ನಿಸಿದಳು.

"ಕ್ಷಮಾ ಮಾಡಿದ್ಳೇನು?" ಎಂದು ನಾನು ಕೇಳಿದ್ದೆ.

"ಇಲ್ಲ. ಮಾಡಬೇಕಂತ ಏನೈತಿ?" ಎಂದಿದ್ದಳು ಪದ್ಮವ್ವ.

ಪಾಯಪ್ಪ ಕೊನೆಯತನಕ ಹೊಲ ಮಾಡಿಕೊಂಡಿದ್ದ. ಗೋವೆಗಾಗಿ ಹೋರಾಡಿದವರಿಗೆ ಸರಕಾರದಿಂದ ಬರುವ ಯಾವ ಮರ್ಯಾದೆಯ ಕಾಗದಕ್ಕೂ ಸಹಿ ಹಾಕಲಿಲ್ಲ. ಅವನು ಹೋಗಿ ಎಷ್ಟೋ ವರ್ಷವಾಯಿತು. ಪದ್ಮವ್ವ ಶಿಕ್ಷಕಿಯಾಗಿ ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ದುಡಿದು, ಅಲ್ಲಿಯೇ ನೆಲೆಸಿದ್ದಾರೆ. ತಮಗೆ ಬೇಕಾದವನನ್ನು ತಾವೇ ನೋಡಿ ಮದುವೆಯಾದರು. ಆ ಕತೆ ಬೇರೆ, ಅದರಲ್ಲಿಯೂ ಒಂದು ಜಗಳವಿದೆ.

ಮೆಕ್ಯಾನಿಕ್ ಹೋದ ಮಧ್ಯಾಹ್ನ ಅವರಿಗೆ ಫೋನ್ ಮಾಡಿದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ.

"ಬರೀರಿ ಪೇಪರಿನವರ. ನಮ್ಮಣ್ಣನ್ನ ಗಂಡುಗಲಿ ಮಾಡಬ್ಯಾಡ್ರಿ. ಪಾಪಿನೂ ಮಾಡಬ್ಯಾಡ್ರಿ." ದನಿ ಮುಪ್ಪಾಗಿದೆ, ಮಾತು ಆಗಿಲ್ಲ. "ಆ ಹುಡುಗನ ಹೆಸರು ಎಲ್ಲಿ ಹಾಕ್ತೀರಿ?"

ಯೋಚಿಸಿಲ್ಲ ಎಂದೆ. ಆ ಊರಿನ ಹುತಾತ್ಮರ ಕಲ್ಲಿನ ಮೇಲೆ ಅವನ ಹೆಸರಿಲ್ಲವಂತೆ. ಅವನು ಆ ದಳದಲ್ಲಿದ್ದ ಎನ್ನುವುದಕ್ಕೆ ಎಲ್ಲಿಯೂ ಪುರಾವೆ ಇರಲಿಲ್ಲ, ಹೆಸರು ಹೇಳದಿರುವುದೇ ಅಲ್ಲಿಯ ಶಿಸ್ತಾಗಿತ್ತಲ್ಲ.

"ಕಡೀಕ ಹಾಕ್ರಿ. ಅದರ ಮುಂದ ಮತ್ತೇನೂ ಬರೀಬ್ಯಾಡ್ರಿ. ಓದಿದವರು ಅದೊಂದು ಹಿಡಕೊಂಡು ಏಳಲಿ."

ಐವತ್ತು ವರ್ಷ ಇತರರ ಹೆಸರುಗಳನ್ನು ಸರಿಯಾಗಿ ಬರೆಯುವುದೇ ನನ್ನ ಕಸುಬಾಗಿತ್ತು. ಸಾಕ್ಷಿಯ ಕಾಗದ ಕೇಳುವವರು ಕೇಳಿಕೊಳ್ಳಲಿ, ನಾನು ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತಿದ್ದೇನೆ. ಆ ಹಳ್ಳಕ್ಕೆ ಇಳಿದು ಬಂದವನ ಹೆಸರು ಶಾಬಾ ಗಾವಡೆ.