ಖುಲಾಸೆಯ ಸುದ್ದಿ ಮೊದಲು ಯಾರಿಗೆ

ಕೊಚ್ಚಿಯ ನಮ್ಮ ಆಫೀಸಿನವರಿಗೆ ಗೆಲುವಿನ ಹುಚ್ಚು ಸ್ವಲ್ಪ ಜಾಸ್ತಿಯೇ. ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗಳ ಪರ ನಿಲ್ಲುವ ವಕೀಲರು ನಾವು, ಸೋಲು ರೂಢಿಯಾಗಿಬಿಟ್ಟಿದೆ. ಹಾಗಾಗಿ ಯಾರಿಗಾದರೂ ಖುಲಾಸೆ ಸಿಕ್ಕಿತೆಂದರೆ ವಾಟ್ಸಾಪ್ ಗುಂಪಿನಲ್ಲಿ ಹಬ್ಬ. ಅದಕ್ಕೊಂದು ಕಟ್ಟಳೆಯೂ ಇದೆ: ಗೆದ್ದವರು ತಾವೇ ಹೇಳಿಕೊಳ್ಳುವಂತಿಲ್ಲ, ಜೊತೆಗಿದ್ದವರು ಹೇಳಬೇಕು. ಮೊದಲು ಹೇಳಿದವರಿಗೆ ಸಂಜೆ ಬಿಸಿ ಪಳಂಪೊರಿಯ, ಅಂದರೆ ನಮ್ಮೂರ ಕಡೆ ಪೋಡಿ ಎನ್ನುವ ಬಾಳೆಹಣ್ಣಿನ ಬಜ್ಜಿಯ, ಮೊದಲ ತಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ತಟ್ಟೆಗಾಗಿ ನಾನು ಕೋರ್ಟಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ್ದೇನೆ.

ಆ ಸಲ ಕೇಸು ತಿರುವನಂತಪುರದ್ದು. ಕಳಕ್ಕೂಟಂನ ಒಂದು ಫ್ಲ್ಯಾಟಿನಲ್ಲಿ ಅಡುಗೆಗಿದ್ದ ವಿಜಯಪುರ ಕಡೆಯ ಹೆಂಗಸಿನ ಮೇಲೆ ಚಿನ್ನದ ಸರ ಕದ್ದ ಆರೋಪ. ಜಾಮೀನಿಗೆ ನಿಲ್ಲುವವರಿಲ್ಲದೆ ಏಳು ತಿಂಗಳಿಂದ ಜೈಲಿನಲ್ಲಿದ್ದಳು. ವಾದಿಸಿದ್ದು ನಮ್ಮ ಆಫೀಸಿನ ಹಿರಿಯ ವಕೀಲೆ, ನಮಗೆಲ್ಲ ಚೇಚಿ, ಅಂದರೆ ಅಕ್ಕ. ಕಾಸರಗೋಡಿನ ಕನ್ನಡದವಳೆಂದು ನನ್ನನ್ನು ದುಭಾಷಿಯಾಗಿ ಕರೆದೊಯ್ದಿದ್ದರು. ಜೈಲಿನಲ್ಲಿ ಮೊದಲ ಸಲ ಕಂಡಾಗಲೇ ಆ ಹೆಂಗಸು ಹೇಳಿದ್ದಳು, “ಬಿಡೂದು ಆಮ್ಯಾಲಿರ್ಲಿ ಅಕ್ಕಾರ, ಕಳ್ಳಿ ಅಲ್ಲಂತ ಜಡ್ಜ್ ಸಾಹೇಬ್ರ ಬಾಯಾಗ ಬರಬೇಕು. ನನ್ನ ಮಗಳಿಗೆ ಸಾಲ್ಯಾಗ ಆಡ್ಕೋತಾರ.”

ಚೇಚಿಯ ಪಾಟೀಸವಾಲನ್ನು ನೆನೆದರೆ ಈಗಲೂ ಕುಣಿಯಬೇಕೆನಿಸುತ್ತದೆ. ಸರ ಸೋಮವಾರ ಕಳುವಾಯಿತೆಂದು ಫ್ಲ್ಯಾಟಿನ ಯಜಮಾನಿ ಮೂರು ಸಲ ಖಡಾಖಂಡಿತವಾಗಿ ಹೇಳಿದಳು. ಚೇಚಿ ತಣ್ಣಗೆ ಒಂದು ಫೋಟೊ ಮುಂದಿಟ್ಟರು: ಅದಾದ ಮೇಲಿನ ಭಾನುವಾರ ಮಟ್ಟಾಂಚೇರಿಯಲ್ಲೊಂದು ಮದುವೆ, ಯಜಮಾನಿಯ ಕೊರಳಲ್ಲಿ ಅದೇ ಸರ. ಸರ್ಕಾರಿ ವಕೀಲರು ಫ್ಯಾನು ನೋಡತೊಡಗಿದರು.

ತೀರ್ಪಿನ ದಿನ ಮ್ಯಾಜಿಸ್ಟ್ರೇಟರು ಮಲಯಾಳದಲ್ಲಿ ಎರಡು ಸಾಲು ಓದಿದರು. ತಪ್ಪಿತಸ್ಥಳಲ್ಲ, ಬಿಡುಗಡೆ. ಆಕೆಗೆ ಅವಳ ಭಾಷೆಯಲ್ಲಿ ತಿಳಿಸಿ ಎಂದು ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಆಡಿಸಿದವಳೇ ಹೊರಗೆ ಓಡಿದೆ! ಒಳಗೆ ಫೋನ್ ತೆಗೆಯುವಂತಿಲ್ಲವಲ್ಲ. ವರಾಂಡದಲ್ಲಿ ನಿಂತು “ಚೇಚಿ ಗೆದ್ದರು” ಎಂದು ಕಳಿಸಿದೆ. ತಗೋ, ಗುಂಪಿನಲ್ಲಿ ಗಲಾಟೆಯೋ ಗಲಾಟೆ. ಪಟಾಕಿ, ಲಾಡು, ಕುಣಿಯುವ ಆನೆಯ ಚಿತ್ರಗಳು. ಕೊಚ್ಚಿಯಿಂದ ನಮ್ಮ ಆಫೀಸಿನ ಸೀನಿಯರ್ ಸರ್ ಫೋನ್ ಮಾಡಿ ಹಾಡಿಯೇಬಿಟ್ಟರು, ಶ್ರುತಿ ದೇವರಿಗೇ ಪ್ರೀತಿ. ಅಷ್ಟರಲ್ಲಿ ಚೇಚಿ ಹೊರಬಂದರು. ಅಲ್ಲಿನ ವಕೀಲರೆಲ್ಲ ಅವರ ಕೈ ಕುಲುಕಿದ್ದೇ ಕುಲುಕಿದ್ದು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹತ್ತು ನಿಮಿಷವಾಗಿರಬೇಕು. ವರಾಂಡದ ತುದಿಯ ಬೆಂಚಿನಲ್ಲಿ, ಕಾವಲಿಗೆ ಬಂದ ಪೊಲೀಸಿನಾಕೆಯ ಪಕ್ಕ, ಆ ಅಡುಗೆಯ ಹೆಂಗಸು ಕುಳಿತಿದ್ದಳು. ನಮ್ಮ ಸಂಭ್ರಮ ನೋಡಿ ಮರ್ಯಾದೆಗೆಂದು ತಾನೂ ನಗುತ್ತಿದ್ದಳು. ನಾನು ಹತ್ತಿರ ಹೋದಾಗ ಮೆಲ್ಲಗೆ ಕೇಳಿದಳು, “ಎಷ್ಟ್ ವರ್ಷ ಹಾಕ್ಯಾರ್ರಿ ಅಕ್ಕಾರ?”

ನಾಚಿಕೆಯಿಂದ ಕುಗ್ಗಿಹೋದೆ. ಕೊಚ್ಚಿಯ ಆಫೀಸಿಗೆಲ್ಲ ಗೊತ್ತಾದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ.

“ನಿಮ್ಮನ್ನು ಬಿಟ್ಟಿದ್ದಾರೆ ಮಾರಾಯ್ರೆ! ನೀವು ಕದ್ದದ್ದಲ್ಲ ಅಂತ ಜಡ್ಜರೇ ಹೇಳಿದ್ದು, ಎಲ್ಲರ ಎದುರು. ಕಾಗದ ಜೈಲಿಗೆ ಮುಟ್ಟಿದ ಕೂಡಲೇ ನೀವು ಹೊರಗೆ,” ಎಂದೆ.

ಮೂರು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ಬೆಂಚು ಅಲುಗುವಷ್ಟು ನಕ್ಕಳು. ಏನೆಂದು ತಿಳಿಯದೆ ಪೊಲೀಸಿನಾಕೆಯೂ ನಕ್ಕಳು. ನಾನು ಅಳುತ್ತಲೇ ನಕ್ಕೆ.

ನನ್ನ ಫೋನಿನಿಂದ ಊರಿಗೆ, ಅವಳ ಮಗಳಿಗೆ ಕರೆ ಹಚ್ಚಿದೆವು. “ನಾ ಹೇಳಿದ್ರ ಸಮಾಧಾನಕ್ಕ ಹೇಳಾಕತ್ತಾಳ ಅಂತಾಳ್ರಿ. ನೀವ ಹೇಳ್ರಿ,” ಎಂದು ಫೋನನ್ನು ನನ್ನ ಕೈಗೇ ಕೊಟ್ಟಳು. ನಾನು ಗಂಟಲು ಸರಿಮಾಡಿಕೊಂಡು, “ನಿನ್ನ ಅಮ್ಮ ಕದ್ದದ್ದಲ್ಲ ಅಂತ ಕೋರ್ಟೇ ಹೇಳಿದೆ ಮಗಾ,” ಎಂದೆ.

“ಅದು ನನಗ ಗೊತ್ತೈತ್ರಿ,” ಎಂದಿತು ಆ ಕಡೆಯ ಪುಟ್ಟ ದನಿ. “ಅವ್ವ ಯಾವಾಗ ಬರ್ತಾಳ?”