ಗೂಡ್ಸ್ ಶೆಡ್ಡಿನ ಸಾರಣೆ-ಕಾರಣೆ

ಧಡ್, ಧಡ್, ಧಡಧಡಧಡ, ಧಡ್. ನಿಂತ ಗೂಡ್ಸ್ ಗಾಡಿಯನ್ನು ಎಂಜಿನ್ನು ತಳ್ಳಿದಾಗ ಒಂದು ಡಬ್ಬಿ ಇನ್ನೊಂದಕ್ಕೆ ಗುದ್ದಿ, ಆ ಗುದ್ದು ಕೊನೆಯ ಡಬ್ಬಿಯವರೆಗೂ ಓಡುತ್ತಿದ್ದ ಸದ್ದು ಅದು. ಭಾಗ್ಯನಗರದಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಆ ಲೈನು ಹಾದುಹೋಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬೆಚ್ಚಿಬಿದ್ದು, ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತಂತೆ ‘ಓ ಜೀಸಸ್’ ಅನ್ನುತ್ತಿದ್ದೆ. ಅತ್ತೆಯವರು, “ಯಾಕವ್ವಾ, ನಮ್ಮ ಮನಿ ದೇವ್ರಿಗೆ ಕಿವಿ ಕೇಳಸೂದಿಲ್ಲೇನು?” ಎಂದು ಕೇಳುತ್ತಿದ್ದರು.

ಈಚೆಗೆ ಆ ಸದ್ದು ಅಪರೂಪವಾಯಿತು. ಗಂಗಾವತಿಯ ಅಕ್ಕಿ, ಕುಷ್ಟಗಿಯ ಗ್ರಾನೈಟು, ಯಲಬುರ್ಗಾದ ಕಡಲೆ ಎಲ್ಲವೂ ಒಂದೊಂದಾಗಿ ಲಾರಿ ಹತ್ತಿದವು. ಲೈನು ಮುಚ್ಚುತ್ತಾರೆಂಬ ಸುದ್ದಿ ಬಂದದ್ದೇ ತಡ, ಅದನ್ನು ಉಳಿಸಲು ಕಲ್ಯಾಣ ಮಂಟಪದಲ್ಲಿ ಪಬ್ಲಿಕ್ ಮೀಟಿಂಗ್ ಕರೆದರು. ಅರ್ಜಿಗೆ ಇಂಗ್ಲಿಷ್ ಬೇಕಲ್ಲ, ಹೀಗಾಗಿ ನನಗೆ ಮುಂದಿನ ಸಾಲಿನ ಕುರ್ಚಿ.

ನಿಜವಾಗಿ ಆ ಲೈನು ಬೇಕಾಗಿದ್ದವಳು ಹಿಂದೆ ಬಾಗಿಲಲ್ಲಿ ನಿಂತಿದ್ದಳು, ಮೊಣಕೈಗೆ ಕಡಲೆಹಿಟ್ಟು ಮೆತ್ತಿಕೊಂಡು. ಗೂಡ್ಸ್ ಶೆಡ್ಡಿನ ಗೋಡೆಗೆ ಆತುಕೊಂಡು ಮಿರ್ಚಿ, ಮಂಡಕ್ಕಿ, ಚಹಾ ಮಾರುವವಳು. ಗಂಡ ಹೋದ ಮೇಲೆ ಅದೇ ಅವಳ ಅನ್ನ. ಡಬ್ಬಿ ಬಂದರೆ ಹಮಾಲರು ಬರುತ್ತಾರೆ, ಹಮಾಲರು ಬಂದರೆ ಅವಳ ಬಾಣಲೆ ಕಾಯುತ್ತದೆ. ಬೇರೆ ಗಿರಾಕಿ ಆ ಮೂಲೆಗೆ ಯಾರೂ ಬರುತ್ತಿರಲಿಲ್ಲ.

ಕಮಿಟಿಯ ಅಧ್ಯಕ್ಷರು ಗಂಗಾವತಿಯ ರೈಸ್ ಮಿಲ್ ಸಾಹುಕಾರರು. “ರೈಲು ಅಂದ್ರ ನಮಗ ಹೆತ್ತ ತಾಯಿ ಇದ್ದಂಗ,” ಎಂದು ಶುರು ಮಾಡಿದರು.

“ತಾಯಿ ಅಂತೀರಿ, ಅಕ್ಕಿ ಮಾತ್ರ ಲಾರ‍್ಯಾಗ ಕಳಸ್ತೀರಲ್ರೀ ಸಾವ್ಕಾರ್ರ,” ಎಂದಳು ಬಾಗಿಲಿನವಳು.

“ಲಾರಿ ಬಾಗಲ ತನಕ ಬರ್ತೈತಿ ಬೇ. ನಿನ್ನ ರೈಲು ಬರ್ತೈತೇನು?”

“ಹಂಗಾರ ಹಳಿ ಮ್ಯಾಲ ಮನಿ ಕಟ್ಟಸಬೇಕಿತ್ತು, ಯಾರು ಬ್ಯಾಡ ಅಂದಿದ್ರು?”

ಮಂಟಪವೆಲ್ಲ ನಕ್ಕಿತು. ಯಲಬುರ್ಗಾದ ಒಬ್ಬ ಯುವಕ ಎದ್ದು, ಹಳೇ ಹಳಿ ಕಿತ್ತು ವಾಕಿಂಗ್ ಟ್ರ್ಯಾಕ್ ಮಾಡೋಣ ಅಂದ. ನನ್ನ ಮೊಣಕಾಲಿಗೆ ಅದು, ಆಕ್ಚುಯಲಿ, ವೆರಿ ಗುಡ್ ಐಡಿಯಾ ಅನ್ನಿಸಿತು. ಆದರೆ ಬಾಗಿಲ ಕಡೆ ನೋಡಿ ಬಾಯಿ ಮುಚ್ಚಿಕೊಂಡೆ.

ಕೊನೆಗೆ ತೀರ್ಮಾನವಾಯಿತು. ರೈಲ್ವೆಯ ದೊಡ್ಡ ಅಧಿಕಾರಿ ನೋಡಲು ಬರುತ್ತಾರೆ. ಶೆಡ್ಡಿನಲ್ಲಿ ಸಾಕಷ್ಟು ಸರಕು ಕಂಡರೆ ಲೈನು ಉಳಿಯುತ್ತದೆ. ನಾಚಿಕೆಗಾದರೂ ವ್ಯಾಪಾರಿಗಳು ಚೀಲ ತಂದು ಒಟ್ಟಿದರು. ಅಕ್ಕಿ, ಕಡಲೆ, ಗೊಬ್ಬರ. ಶೆಡ್ಡು ಹಳೆಯ ಕಾಲದಂತೆ ತುಂಬಿ, ಧೂಳೆದ್ದು, ಎಲೆಯಡಿಕೆ ಉಗುಳಿ ಕೆಂಪಾಯಿತು.

ಅಧಿಕಾರಿ ಬರುವ ಮುನ್ನಾದಿನ ಸಾಹುಕಾರರು ಬಂದು ನೋಡಿ ಹಣೆ ಹಣೆ ಬಡಿದುಕೊಂಡರು. “ಅಷ್ಟು ದೊಡ್ಡ ಸಾಹೇಬ್ರಿಗೆ ಈ ಹೊಲಸು ತೋರಸೂದಾ? ಊರ ಮರ್ಯಾದಿ ಏನಾಗಬೇಕು?”

ನಮ್ಮ ಕಡೆ ಬೀಗರು ಬರುತ್ತಾರೆಂದರೆ ಪಡಸಾಲೆಯಲ್ಲಿ ಒಂದು ಮೊರ ಕೂಡ ಕಾಣಬಾರದು. ಯಾರಿಗೂ ಎರಡನೇ ಯೋಚನೆ ಬರಲಿಲ್ಲ. ಹಮಾಲರು ಅಷ್ಟೂ ಚೀಲ ಹೊತ್ತು ಎದುರಿನ ಗೋಡೌನಿಗೆ ಸಾಗಿಸಿದರು. ಮಿರ್ಚಿಯವಳು ಸೀರೆ ಎತ್ತಿ ಕಟ್ಟಿ ಸೆಗಣಿ ಸಾರಿಸಿದಳು, ಅಂಚಿಗೆ ಕೆಮ್ಮಣ್ಣಿನ ಕಾರಣೆ ಎಳೆದಳು, ಇಡೀ ನೆಲಕ್ಕೆ ರಂಗೋಲಿ ಬಿಟ್ಟಳು. ನನ್ನ ಹಿತ್ತಲಿನ ಚೆಂಡುಹೂವೆಲ್ಲ ಕಂಬಕ್ಕೆ ಹೋದವು. ಅವಳ ಒಲೆ ಕರ್ರಗೆ ಕಾಣುತ್ತದೆಂದು ಆರಿಸಿ ತಾಡಪತ್ರಿ ಮುಚ್ಚಿದರು. ಅದಕ್ಕೂ ಅವಳೇ ಒಂದು ತುದಿ ಹಿಡಿದಳು.

ಅಧಿಕಾರಿ ಬಂದರು, ಪಂಕ್ಚುಯಲ್ ಆಗಿ. ರಂಗೋಲಿ ತುಳಿಯಲು ಮುಜುಗರವಾಗಿ ಬೂಟು ಕಳಚಿ, ದೇವಸ್ಥಾನದಲ್ಲಿ ನಡೆದಂತೆ ಗೂಡ್ಸ್ ಶೆಡ್ಡಿನಲ್ಲಿ ಬರಿಗಾಲಲ್ಲಿ ನಡೆದರು.

“ಬಹಳ ಸ್ವಚ್ಛವಾಗಿದೆ,” ಅಂದರು. “ಸರಕು ಎಲ್ಲಿ?”

“ನೀವು ಬರ್ತೀರಂತ ತಗದಿಟ್ಟೀವ್ರಿ,” ಎಂದರು ಸಾಹುಕಾರರು.

ಮಿಂದು, ಬಿಳಿ ಧೋತರ ಉಟ್ಟು, ಕುರ್ಚಿಗಳ ಮೇಲೆ ಕೂತಿದ್ದವರನ್ನು ತೋರಿಸಿ ಅಧಿಕಾರಿ, “ಇವರು ಕಮಿಟಿ ಮೆಂಬರುಗಳೇ?” ಎಂದು ಕೇಳಿದರು. ಹಮಾಲರೆಂದರೆ ನಂಬಲಿಲ್ಲ. ನಾನು, “ಸರ್, ದಿಸ್ ಈಸ್ ಎ ವೆರಿ ಬಿಜಿ ಶೆಡ್,” ಅಂದೆ; ಖಾಲಿ ತಗಡಿನ ಮಾಡು ಅದನ್ನೇ ಎರಡು ಸಲ ಹೇಳಿತು. ಹೋಗುವಾಗ ಅವರು ಒಂದು ಕಪ್ ಚಹಾ ಕೇಳಿದರು. ಒಲೆ ತಾಡಪತ್ರಿಯ ಕೆಳಗೆ ತಣ್ಣಗೆ ಕೂತಿತ್ತು.

ಲೈನು ನಿಂತಿತು. ನ್ಯಾಯವಾಗಿ ಹೇಳಬೇಕೆಂದರೆ, ರಂಗೋಲಿಗಿಂತ ಮೊದಲೇ ಲಾರಿಗಳು ಅದನ್ನು ನಿಲ್ಲಿಸಿದ್ದವು. ಹಮಾಲರು ಗಂಗಾವತಿಯ ಮಿಲ್ಲುಗಳಿಗೆ ಹೋದರು. ಗಿರಾಕಿಯಿಲ್ಲದೆ ಕೆಲವು ದಿನ ಬಾಣಲೆ ಕಾಯಿಸಿ ನೋಡಿದ ಅವಳು ಒಂದು ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದು ಕೂತಳು. ಸಾಹುಕಾರರ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

“ಬಂದ ಮಂದಿಗೆ ಹೊಲಸು ತೋರಸಾಕ ಆಕ್ಕೈತೇನ್ರಿ ಅಕ್ಕಾರ? ಆದ್ರ ಒಲಿ ಆರಸಬಾರದಿತ್ತು. ಅದೊಂದು ತಪ್ಪಾತು ನೋಡ್ರಿ.”

ಆ ವಾರವೇ ಬಾಣಲೆ ಕಟ್ಟಿಕೊಂಡು ಹೊರಟುಹೋದಳು.

ಅವಳನ್ನು ಕೊನೆಯ ಸಲ ಕಂಡದ್ದು ಕುಷ್ಟಗಿಯ ಹೈವೇ ಬದಿಯಲ್ಲಿ, ನಾನು ಒಂದು ಮದುವೆಗೆ ಹೋಗುವಾಗ. ಸಾಲು ಲಾರಿಗಳ ನಡುವೆ ಹೊಗೆ. ಹೊಗೆಯ ನಡುವೆ ಅವಳು. ಕಾರಿನ ಕಿಟಕಿಯಿಂದಲೇ ಬಿಸಿ ಮಿರ್ಚಿಯ ಪೊಟ್ಟಣ ತುರುಕಿದಳು.

“ಲಾರಿ ಪಾರ್ಟಿ ಸೇರಿಬಿಟ್ಟೆಯಲ್ಲೇ,” ಅಂದೆ.

“ಹೊಟ್ಟಿಗೆ ಹಳಿ ಏನು, ಡಾಂಬರ ಏನ್ರಿ. ನೀವು ಭಾಳ ಸೊರಗೀರಿ, ತಿನ್ರಿ.”

ಒಬ್ಬ ಡ್ರೈವರ್ ಹಾರ್ನ್ ಹೊಡೆದು ಕರೆದ. “ಬಂದ್ನೋ, ನಿನ್ನ ಲಗ್ನದ ಮುಹೂರ್ತ ಮೀರತೈತೇನು?” ಎಂದು ಬೈಯುತ್ತ, ಸೆರಗಿಗೆ ಕೈ ಒರೆಸಿಕೊಂಡು, ಎರಡು ಲಾರಿಗಳ ಸಂದಿಯಲ್ಲಿ ನುಗ್ಗಿ ಹೋದಳು.