ಅಣ್ಣನ ಗೋಡೆ, ತಮ್ಮನ ಬಣ್ಣ

ಆಗ ತಿಪಟೂರಿನಿಂದ ಫೋನ್ ಬಂತೆಂದರೆ, ಅತ್ತೆ ನಮ್ಮ ಗೋಡೆಯ ಯೋಗಕ್ಷೇಮ ವಿಚಾರಿಸಲು ಮಾಡಿದ್ದಾರೆಂದೇ ಅರ್ಥ. ಅಳಿಯ ಉಂಡನೋ ಬಿಟ್ಟನೋ, ಅದು ಆಮೇಲೆ. ಹೆಂಡತಿಯನ್ನು ಹೆರಿಗೆಗೆ ಕರೆದೊಯ್ಯಲು ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಗೆ ಬಂದಿದ್ದಾಗ ಅವರು ಮಲಗುವ ಕೋಣೆಯ ಗೋಡೆಯನ್ನು ಮುಟ್ಟಿ ನೋಡಿದ್ದರು. ಕೈ ಒದ್ದೆಯಾಗಿತ್ತು. "ಈ ಗೋಡೆ ಒಣಗೋವರ್ಗೂ ಮಗೂನ ಕಳ್ಸಲ್ಲ ನೋಡಿ" ಎಂದು ಅಂದೇ ತೀರ್ಪು ಕೊಟ್ಟಿದ್ದರು. ಮಗಳು ಹುಟ್ಟಿ ಐದು ತಿಂಗಳು ತುಂಬಿದರೂ ತೀರ್ಪು ಬದಲಾಗಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ರಜೆ ಸಿಕ್ಕ ಭಾನುವಾರ ಓಡಿಹೋಗಿ, ಮಲಗಿದ್ದ ಮಗುವನ್ನು ಎಬ್ಬಿಸಬೇಡಿ ಎನ್ನಿಸಿಕೊಂಡು ವಾಪಸು ಬರುತ್ತಿದ್ದೆ.

ಗೋಡೆ ಒಣಗಿಸುವುದೇನೂ ಬ್ರಹ್ಮವಿದ್ಯೆಯಲ್ಲ. ಹೊರಗಿನಿಂದ ನೀರು ತಡೆಯುವ ದಪ್ಪ ಬಣ್ಣ ಬಳಿದರಾಯಿತು. ಆದರೆ ನಮ್ಮ ಗೋಡೆಗೆ ಹೊರಗು ಅನ್ನುವುದೇ ಇರಲಿಲ್ಲ. ಓನರ್ ಮತ್ತು ಅವರ ಅಣ್ಣ ಅಪ್ಪನ ರಾಗಿ ಹೊಲವನ್ನು ಭಾಗ ಮಾಡಿಕೊಂಡು, ಜಿದ್ದಿಗೆ ಬಿದ್ದು ಅಂಚಿನವರೆಗೂ ಮೂರು ಮೂರು ಮಹಡಿ ಎಬ್ಬಿಸಿದ್ದರು. ನಡುವೆ ಉಳಿದದ್ದು ಸಣಕಲ ಮನುಷ್ಯನೊಬ್ಬ ಉಸಿರು ಬಿಗಿಹಿಡಿದು ನಿಲ್ಲುವಷ್ಟು ಸಂದಿ. ಸಾಲದ್ದಕ್ಕೆ, ಅಣ್ಣನ ಮನೆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಓನರ್ ದೇವರ ಮುಂದೆ ಆಣೆ ಇಟ್ಟಿದ್ದರು. ಇವರೊಬ್ಬ ಭೀಷ್ಮ.

ಮೊದಲು ಅವರು ಟಿವಿ ಡಬ್ಬದ ಥರ್ಮಾಕೋಲ್ ತಂದು ಒಳಗಿನಿಂದ ಗೋಡೆಗೆ ಅಂಟಿಸಿದರು. ವಾರದೊಳಗೆ ಅದರ ಹಿಂದೆ ಪಾಚಿ ಕಟ್ಟಿತು. ಕಿತ್ತು ತೋರಿಸಿದರೆ, ಕೀಳದೇ ಇದ್ದಿದ್ದರೆ ಕಾಣುತ್ತಿತ್ತಾ ಎಂದು ನನ್ನನ್ನೇ ಕೇಳಿದರು. ಮನೆ ಖಾಲಿ ಮಾಡುತ್ತೇನೆಂದು ಹೆದರಿಸಿದ ಮೇಲೆ ಒಬ್ಬ ಸಣಕಲ ಪೇಂಟರನ್ನು ಹಿಡಿದು ತಂದರು.

ಆ ದಿನ ನಾನು ಡ್ಯೂಟಿಯಲ್ಲಿದ್ದೆ. ನಡೆದದ್ದನ್ನು ಆಮೇಲೆ ಪೇಂಟರನೇ ಹೇಳಿದ. ತಾರಸಿಯ ಮೋಟುಗೋಡೆ ಮೇಲೆ ಕಾಲು ಇಳಿಬಿಟ್ಟು ಕೂತವನನ್ನು, ಹಾಗೇ ಹಗ್ಗ ಕಟ್ಟಿದ ಹಲಗೆಯ ಮೇಲೆ ನಿಲ್ಲಿಸಿ ಸಂದಿಗೆ ಇಳಿಸಿದರಂತೆ. ಮುಖ ಅಣ್ಣನ ಗೋಡೆಗೆ, ಬೆನ್ನು ನಮ್ಮ ಗೋಡೆಗೆ. ಇಳಿದ ಮೇಲೆ ತಿರುಗಲು ಜಾಗವೆಲ್ಲಿ? ಯಾವ ಗೋಡೆ ಅಂತ ಅವನು ಕೂಗಿ ಕೇಳಿದ್ದಾನೆ. ಓನರ್ ಆಣೆ ಮುರಿಯುವವರಲ್ಲವಲ್ಲ, ಸಂದಿಗೆ ಬೆನ್ನು ತಿರುಗಿಸಿ ನಿಂತಿದ್ದಾರೆ. "ನಿನ್ ಮುಂದೆ ಐತಲ್ಲ, ಅದೇ ಕಣಯ್ಯ, ಬಳಿ" ಎಂದಿದ್ದಾರೆ. ಅವನು ಬಳಿದ. ಎರಡು ಕೋಟು, ಬಲು ಅಚ್ಚುಕಟ್ಟಾಗಿ.

ಮುಂದಿನ ಮಳೆಗೆ ನಮ್ಮ ಗೋಡೆ ಎಂದಿನಂತೆ ನೀರು ಕುಡಿಯಿತು. ಓನರ್ ಅಣ್ಣ ನನ್ನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿ, "ನನ್ ತಮ್ಮಂಗೆ ಯೋಳಪ್ಪ, ಗ್ವಾಡೆ ಸಂದಾಕ್ ಒಣಗೈತೆ ಅಂತ" ಎಂದರು. ಹೇಳಿದೆ. ತನ್ನ ಬಣ್ಣ ಅಣ್ಣನ ಗೋಡೆಯನ್ನು ಕಾಯುತ್ತಿದೆಯೆಂದು ಕೇಳಿ ಓನರಿಗೆ ಅನ್ನ ಸೇರಲಿಲ್ಲ. ಇನ್ನೊಮ್ಮೆ ಬಳಿಸಿ ಎಂದರೆ ಕೆಂಡವಾಗುತ್ತಿದ್ದರು.

ನನಗೇನು, ಯಾರ ಗೋಡೆಯಾದರೂ ಸರಿ, ಒಣಗಿದ್ದರೆ ಸಾಕು. ಅಣ್ಣನ ಕಟ್ಟಡದಲ್ಲಿ ಅದೇ ಗೋಡೆಯ ಪಕ್ಕದ ಮನೆ ಖಾಲಿಯಿತ್ತು. ತೇವ ತಾಳಲಾರದೆ ಹಿಂದಿನವರು ಬಿಟ್ಟುಹೋಗಿದ್ದರು. ಗಂಟುಮೂಟೆ ಕಟ್ಟಿ ಅಲ್ಲಿಗೆ ದಾಟಿದೆ. ಹಳೇ ಓನರ್ ಅಂದಿನಿಂದ ನನ್ನ ಮುಖ ನೋಡುವುದನ್ನೂ ಬಿಟ್ಟರು.

ಹೆಂಡತಿ, ಮಗುವಿನೊಂದಿಗೆ ಅತ್ತೆ ಬಂದರು. ಚಪ್ಪಲಿ ಬಿಟ್ಟವರೇ ನೆಟ್ಟಗೆ ಕೋಣೆಗೆ ಹೋಗಿ, ಗೋಡೆಯನ್ನು ಮೂಲೆ ಮೂಲೆಗೂ ತಡವಿ, ಆಗಬಹುದು ಎಂದರು. ಆಮೇಲೆ ಹೆಂಡತಿ ಮಗುವನ್ನು ನನ್ನ ತೋಳಿಗೆ ಕೊಟ್ಟಳು. ಕಣ್ಣು ಬಿಟ್ಟಿದ್ದ ನನ್ನ ಮಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವಳೂ ನನ್ನನ್ನು ದಿಟ್ಟಿಸಿ ನೋಡಿದಳು. ತುಟಿ ಸೊಟ್ಟಗಾಯಿತು. ಮೂರು ಮಹಡಿಗೂ ಕೇಳುವಂತೆ ಕಿರುಚಿ ಅಜ್ಜಿಯ ಕಡೆ ಕೈ ಚಾಚಿದಳು.

"ಹೊಸಬ್ರನ್ನ ಕಂಡ್ರೆ ಅವಳಿಗಾಗಲ್ಲ" ಎಂದು ಅತ್ತೆ ನನ್ನ ಕೈಯಿಂದ ಮಗುವನ್ನು ಎತ್ತಿಕೊಂಡರು.